ಮಲ್ಲಕ್ಕ ಕಲಿಸಿದ ಎಕ್ಸ್

"ಹದಿನೈದು ದಿವಸದಾಗ ನಮ್ಮ ಗೌರೀಶ ಎಂಟನೇತ್ತಿ ಖೋಲ್ಯಾಗ ಕುಂತು ಗಣಿತಾ ಮಾಡಲಿಲ್ಲಂದ್ರ, ನಾ ನವಲಗುಂದದ ಮಗಳ ಅಲ್ಲ!"

ಮಲ್ಲಕ್ಕ ಈ ಘನಘೋರ ಶಪಥ ಮಾಡಿದ್ದು ಬೆಳಗಿನ ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಸಿಟ್ಟಿನ ಏಟಿಗೆ ಜೋಳದ ರೊಟ್ಟಿ ಅಂಗೈ ಅಗಲದಿಂದ ಪರಾತದ ಅಗಲಕ್ಕೆ ಬೆಳೆದು, ಅಂಚು ಹರಿದು, ಹಂಚಿಗೆ ಹಾಕಿದರೆ ಅರ್ಧ ಒಳಗೆ, ಅರ್ಧ ಹೊರಗೆ! ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಗಂಡ ಕುಬೇರಪ್ಪ ಕನ್ನಡಕದ ಮೇಲಿಂದ ಇಣುಕಿದ.

"ಹಂಗಾದ್ರ ಹದಿನಾರನೇ ದಿವಸ ಯಾರರ ಕೇಳಿದ್ರ, ನಿನ್ನ ತೌರಮನಿ ಯಾವೂರಂತ ಹೇಳಲಿ?"

"ನಿಮಗ ಬರೇ ನಗೀನ ಬರತೈತಿ. ಬಾಜೂ ಮನಿಯಾಕಿ ನನ್ನ ತಲಿ ಮ್ಯಾಲ ಕುಂತಾಳ, ಅದು ಕಾಣಸಂಗಿಲ್ಲ!"

ಬಾಜೂ ಮನೆಯಾಕೆ ಎಂದರೆ ನರ್ಮದಾಬಾಯಿ. ಅಣ್ಣಿಗೇರಿಯ ಆ ಓಣಿಯಲ್ಲಿ ಎರಡು ಮನೆಗಳ ಹಿತ್ತಲಿಗೂ ಒಂದೇ ಗೋಡೆ, ಎದೆಯೆತ್ತರದ್ದು. ನಲವತ್ತು ವರ್ಷದಿಂದ ಆ ಗೋಡೆಯ ಮೇಲೆ ಮೊಸರು ದಾಟಿದೆ, ಕರಿಬೇವು ದಾಟಿದೆ, ಪಂಚಮಿಯ ಉಂಡಿ ದಾಟಿದೆ. ಹೊಟ್ಟೆಕಿಚ್ಚಂತೂ ದಿನಕ್ಕೆ ಎರಡು ಬಾರಿ ದಾಟುತ್ತದೆ. ಮಲ್ಲಕ್ಕನ ಉಪ್ಪಿನಕಾಯಿಗೆ ಬೂಷ್ಟು ಹಿಡಿದ ವರ್ಷವೇ ನರ್ಮದಾಬಾಯಿಯದು ಎರಡು ಭರಣಿ ಕೆಂಪಗೆ ಹೊಳೆಯಬೇಕೆ? ಮಲ್ಲಕ್ಕನ ಮನೆಗೆ ಫ್ರಿಜ್ಜು ಬಂದ ವಾರವೇ ಅವರ ಮನೆಗೆ ಅದಕ್ಕಿಂತ ಒಂದು ಬಾಗಿಲು ಹೆಚ್ಚಿರುವ ಫ್ರಿಜ್ಜು ಬರಬೇಕೆ? ಇಂಥವನ್ನೆಲ್ಲ ಮಲ್ಲಕ್ಕ ಸಹಿಸಿಕೊಂಡಿದ್ದಳು. ಆದರೆ ಹಿಂದಿನ ದಿನ ಗೋಡೆ ದಾಟಿ ಬಂದದ್ದು ಸಹಿಸುವಂಥದ್ದಲ್ಲ.

"ಮಲ್ಲಕ್ಕಾ, ಕೇಳಿದ್ರೇನು? ನಮ್ಮ ವೃಂದಾಗ ಗಣಿತ ಒಂದು ಈಗ ಎಂಟನೇತ್ತಿ ಹುಡುಗರ ಜೋಡಿ ನೋಡ್ರಿ! ನಾ ಬ್ಯಾಡ ಅಂದೆ, ಕೂಸಿಗೆ ತ್ರಾಸ ಆಗ್ತದ ಅಂತ. ಮಾಸ್ತರು ಕೇಳಬೇಕಲ್ಲಾ! ಆರನೇತ್ತಿಯೊಳಗ ಕೂಡಿಸಿದ್ರ ಅಕಿ ವ್ಯಾಳ್ಯಾ ಹಾಳಾಗ್ತದ ಅಂದ್ರಂತ."

"ಛಲೋ ಆತು ಬಿಡ್ರಿ" ಎಂದಳು ಮಲ್ಲಕ್ಕ. ಆ 'ಛಲೋ' ಗಂಟಲಿನಿಂದ ಹೊರಗೆ ಬರುವಾಗ ಎಷ್ಟು ಕಷ್ಟಪಟ್ಟಿತೆಂದರೆ, ಹೆರಿಗೆಯಲ್ಲೂ ಅವಳಿಗೆ ಅಷ್ಟು ಕಷ್ಟವಾಗಿರಲಿಲ್ಲ!

ನರ್ಮದಾಬಾಯಿಯ ಮೊಮ್ಮಗಳು ವೃಂದಾ, ಮಲ್ಲಕ್ಕನ ಮೊಮ್ಮಗ ಗೌರೀಶ ಇಬ್ಬರೂ ಆರನೇತ್ತಿ, ಅಂದರೆ ಆರನೇ ತರಗತಿ. ಒಂದೇ ಶಾಲೆ, ಒಂದೇ ಬೆಂಚು, ಹೋಗುವುದೂ ಬರುವುದೂ ಕೂಡಿಯೇ. ಈಗ ಹನ್ನೊಂದರ ಗಂಟೆ ಬಾರಿಸಿತೆಂದರೆ ವೃಂದಾ ಕಂಪಾಸು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಮೇಲಿನ ಖೋಲಿಗೆ ಹೋಗುತ್ತಾಳೆ, ಗೌರೀಶ ಕೆಳಗೇ! ಮೇಲೆ ಅವರ ಹುಡುಗಿ, ಕೆಳಗೆ ತನ್ನ ಹುಡುಗ. ಇದನ್ನು ನೆನೆದಾಗಲೆಲ್ಲ ಮಲ್ಲಕ್ಕನ ಹೊಟ್ಟೆಯಲ್ಲಿ ಯಾರೋ ಒಣಮೆಣಸಿನಕಾಯಿ ಹುರಿದ ಹಾಗೆ.

ಹುಡುಗನ ತಂದೆ ಸುಭಾಸ, ತಾಯಿ ರೋಹಿಣಿ ಇಬ್ಬರೂ ಬೆಳಗಿನ ಗಾಡಿ ಹಿಡಿದು ಹುಬ್ಬಳ್ಳಿಗೆ ನೌಕರಿಗೆ ಹೋದರೆ ಬರುವುದು ಸಂಜೆಗೆ. ನಡುವಿನ ಸಾಮ್ರಾಜ್ಯವೆಲ್ಲ ಮಲ್ಲಕ್ಕನದೇ. ಅಂದೇ ಮೊಮ್ಮಗನ ಕೈ ಹಿಡಿದುಕೊಂಡು ಶಾಲೆಗೆ ದಂಡೆತ್ತಿ ಹೋದಳು.

ಗಣಿತದ ಪ್ರತಾಪ ಮಾಸ್ತರು ಹೊಸಬರು, ಎಳೆಯ ವಯಸ್ಸು, ಮೈಸೂರು ಕಡೆಯವರು. ಯಾರನ್ನೂ ಜೋರು ಮಾಡಲು ಬಾರದ ದನಿ.

"ಅಜ್ಜಿ, ಇದು ಬಹುಮಾನ ಅಲ್ಲ" ಎಂದು ಅವರು ಮೆತ್ತಗೆ ಶುರು ಮಾಡಿದರು. "ಈಗಿನ ಪಾಠ ತೀರಾ ಸುಲಭ ಆಗಿ ಮಗುಗೆ ಬೇಸರ ಬರ್ತಿದ್ರೆ ಮಾತ್ರ ಮೇಲಕ್ಕೆ ಕಳಿಸ್ತೀವಿ."

"ಬ್ಯಾಸರಾ? ಅಯ್ಯ, ನಮ್ಮ ಹುಡುಗಗ ಅಗದೀ ಬ್ಯಾಸರ ಐತ್ರಿ! ಗಣಿತದ ಪುಸ್ತಕ ತಗದ್ರ ಸಾಕು, ಆಕಳಸ್ತಾನ ನೋಡ್ರಿ!"

"ಅಜ್ಜಿ, ನಂಗ ಬ್ಯಾಸರ ಇಲ್ಲ" ಎಂದ ಗೌರೀಶ.

"ನೀ ಸುಮ್ನಿರು. ನಿನಗ ಬ್ಯಾಸರ ಆಗೇತಿ, ನಿನಗ ಗೊತ್ತಿಲ್ಲ."

ಮಾಸ್ತರು ನಕ್ಕರು. ಮುಂದಿನ ವಾರದ ಶನಿವಾರ ಪರೀಕ್ಷೆ. ಹತ್ತು ಲೆಕ್ಕ. ಬರೀ ಉತ್ತರ ಸಾಲದು. ಹೇಗೆ ಬಿಡಿಸಿದೆ, ಯಾಕೆ ಹಾಗೆ ಬಿಡಿಸಿದೆ, ಎಲ್ಲ ಹಂತವೂ ಬರೆಯಬೇಕು. ಪಾಸಾದರೆ ಹದಿನೈದು ದಿನ ಮೇಲಿನ ತರಗತಿಯಲ್ಲಿ ಕೂಡಿಸಿ ನೋಡುತ್ತಾರೆ. ಹೊಂದಿಕೆಯಾಗದಿದ್ದರೆ ಕೆಳಗೆ ಬರಬಹುದು, ಅದರಲ್ಲಿ ಅವಮಾನವಿಲ್ಲ.

"ಕೆಳಗ ಬರೂ ಮಾತ ಬ್ಯಾಡ್ರಿ ಸರ್. ನಮ್ಮ ಮನಿತನದಾಗ ಮ್ಯಾಲ ಹತ್ತಿದವ್ರು ಇಳದಿಲ್ಲ" ಎಂದಳು ಮಲ್ಲಕ್ಕ. (ಕುಬೇರಪ್ಪ ಮಾಳಿಗೆ ಹತ್ತಿ, ನಿಚ್ಚಣಿಕೆ ಜಾರಿ, ಎರಡು ತಾಸು ಇಳಿಯಲಾಗದೆ ಅಲ್ಲೇ ಕೂತಿದ್ದನ್ನು ಬಿಟ್ಟರೆ ಈ ಮಾತಿಗೆ ಬೇರೆ ಆಧಾರವಿಲ್ಲ.)

ಹುಡುಗ ದಡ್ಡನೇನೂ ಅಲ್ಲ, ಚುರುಕು. ರೈಲ್ವೆ ಗೇಟು ಹಾಕಿದಾಗ ಮಾಲುಗಾಡಿ ಡಬ್ಬಿ ಎಣಿಸಿ, ಒಂದು ಡಬ್ಬಿಯಲ್ಲಿ ಇಷ್ಟು ಚೀಲವಾದರೆ ಗಾಡಿಯಲ್ಲಿ ಎಷ್ಟು ಎಂದು ಗೇಟು ಏಳುವುದರೊಳಗೆ ಹೇಳುವವ. ಆದರೆ ಎಂಟನೇತ್ತಿ ಪುಸ್ತಕ ಬೇಡಿ ತಂದು ಹಿತ್ತಲ ಕಟ್ಟೆಯ ಮೇಲೆ ತೆರೆದಾಗ ಅಜ್ಜಿಯೇ ಬೆಚ್ಚಿದಳು.

"ಇದೇನೋ ಇದು? ಅಂಕಿ ನಡುವ ಇಂಗ್ಲೀಷ ಅಕ್ಷರ ಯಾಕ ಬಂದು ಕುಂತೈತಿ?"

"ಅದು ಎಕ್ಸ್ ಅಜ್ಜಿ. ಒಂದು ಸಂಖ್ಯಾ ಇರತೈತಿ, ಆದ್ರ ಅದರ ಹೆಸರು ಹೇಳಿರಂಗಿಲ್ಲ. ಸುಮ್ನ ಎಕ್ಸ್ ಅಂತ ಕರಿಯೂದು."

"ಯಾರಂತ ಗೊತ್ತಿರತೈತಿ, ಹೆಸರು ಹೇಳಂಗಿಲ್ಲ?"

"ಹೂಂ."

ಮಲ್ಲಕ್ಕನ ಮುಖ ಒಮ್ಮೆಲೇ ಬೆಳಗಿತು. "ಅಯ್ಯ, ಇಷ್ಟ ಏನು! ನಮ್ಮನಿಯವರು!"

"ಏನ? ಕರದೇನ?" ಪಡಸಾಲೆಯಿಂದ ಕುಬೇರಪ್ಪನ ದನಿ.

"ನಿಮ್ಮನ್ನಲ್ರೀ! ಗಣಿತಾ ಮಾಡಾಕತ್ತೀವಿ!"

ಮಲ್ಲಕ್ಕ ಗಂಡನ ಹೆಸರು ಹೇಳುವವಳಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳ ಅವ್ವ. ಮತದಾರರ ಯಾದಿಯವರು ಬಂದು ಕೇಳಿದರೆ ಲೈಟ್ ಬಿಲ್ಲು ತಂದು ತೋರಿಸುತ್ತಾಳೆ. ಬ್ಯಾಂಕಿನಲ್ಲಿ ಕೇಳಿದರೆ ಸರದಿಯಲ್ಲಿ ಹಿಂದೆ ನಿಂತವರ ಕಡೆ ತಿರುಗಿ, "ನೀವ ಹೇಳ್ರಿ" ಎನ್ನುತ್ತಾಳೆ. ನಲವತ್ತೆಂಟು ವರ್ಷದಲ್ಲಿ ಹೇಳಿದ್ದು ಒಂದೇ ಸಲ. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲು ಅಡ್ಡಗಟ್ಟಿ "ಹೆಸರು ಹೇಳಿ ಒಳಗ ಬಾ" ಎಂದಾಗ, ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಬಚ್ಚಿಟ್ಟು ಹೇಳಿದ್ದಳು. ಅಷ್ಟೇ. ಅಂಥವಳಿಗೆ ಎಕ್ಸ್ ಯಾವ ಲೆಕ್ಕ!

ಎದುರಿಗಿದ್ದ ಮೊದಲ ಲೆಕ್ಕ: ಎರಡು ಎಕ್ಸ್ ಕೂಡಿಸು ಮೂರು, ಸಮ ಹದಿನೇಳು.

"ನೋಡು, ಈ ಮೂರು ಐತೆಲ್ಲಾ, ಇದು ಮೈದುನ ಇದ್ದಂಗ. ಮನಿಯವರ ಬೆನ್ನಿಗೆ ಅಂಟಿಕೊಂಡ ಬಂದಾನ. ಮೊದಲ ಅವನ್ನ ಊರಿಗೆ ಕಳಸು. ಆದ್ರ ಈ ಬಾಜು ಮೂರು ಕಳಿಸಿದ್ರ ಆ ಬಾಜೂನೂ ಮೂರು ಕಳಸಬೇಕು. ಒಂದ ಬಾಜು ಮಾಡಿದ್ರ ಮನ್ಯಾಗ ಜಗಳಾ!"

"ಹದಿನಾಕು ಉಳೀತು. ಇನ್ನ ಎರಡು ಎಕ್ಸ್ ಅದಾವಲ್ಲ ಅಜ್ಜಿ?"

"ಏನ, ಇಬ್ಬರು ಮನಿಯವರಾ?" ಕುಬೇರಪ್ಪ ಪೇಪರು ಮಡಿಸಿ ಹಿತ್ತಲಿಗೇ ಬಂದ. "ನಾ ಒಬ್ಬ ಸಾಲಲಿಲ್ಲೇನ ನಿನಗ?"

"ಒಬ್ಬರನ್ನ ಸಂಭಾಳಿಸೂದರಾಗ ಸಾಕಾಗೇತಿ, ಅದಕ್ಕ ಅರ್ಧಾ ಮಾಡಾಕತ್ತೀವಿ! ನೀವ ಒಳಗ ನಡೀರಿ."

"ಏಳು!" ಎಂದು ಗೌರೀಶ ಕೂಗಿದ.

ಅಷ್ಟರಲ್ಲಿ ಮಲ್ಲಕ್ಕನ ಕಣ್ಣು ಗೋಡೆಯ ಕಡೆ ಹೋಯಿತು. ಆಚೆ ನರ್ಮದಾಬಾಯಿ ತುಳಸಿಗೆ ನೀರು ಹಾಕುತ್ತಿದ್ದಳು. ತಂಬಿಗೆಯಲ್ಲಿ ನೀರು ಮುಗಿದು ಎಷ್ಟು ಹೊತ್ತಾಗಿತ್ತೋ, ಕೈ ಮಾತ್ರ ಹಾಕುತ್ತಲೇ ಇತ್ತು!

ಮಲ್ಲಕ್ಕ ಮೊಮ್ಮಗನ ಕಿವಿ ಹತ್ತಿರ ಎಳೆದಳು. "ಇನ್ನ ಮ್ಯಾಲ ಕಡೀ ಉತ್ತರಾ ಬಾಯಿಬಿಟ್ಟು ಹೇಳಬ್ಯಾಡ. ಬರೀಲೂಬ್ಯಾಡ. ನೋಟಬುಕ್ಕು ಸಾಲಿ ದಾರ್‍ಯಾಗ ಅಕಿ ಕೈಗೆ ಸಿಕ್ರ ಮುಗೀತು. ಮನಿಯವರ ಹೆಸರು ಹೆಂಗ? ಮನಸಿನ್ಯಾಗ ಇರಬೇಕು, ಹೊರಗ ಬರಬಾರದು."

"ಹಂಗಾದ್ರ ನಿನಗ ಹೆಂಗ ಗೊತ್ತಾಗತೈತಿ?"

"ಪುಟಾಣಿ ಎಣಿಸಿ ನನ್ನ ಕೈಯಾಗ ಇಡು. ಬರೋಬ್ಬರಿ ಇದ್ರ ಅವು ನಿನ್ನವ."

ಹುರಿಗಡಲೆಯ ಆಸೆಗೋ ಏನೋ, ಹುಡುಗನಿಗೆ ವಿದ್ಯೆ ಹತ್ತಿತು ನೋಡಿ! ದಿನಾ ಸಂಜೆ ಮೈದುನರು ಸಾಲುಸಾಲಾಗಿ ಊರಿಗೆ ಹೋದರು, ಮಾವಂದಿರು ಭಾಗವಾದರು, ಎಕ್ಸ್‌ಗಳು ಒಂಟಿಯಾಗಿ ನಿಂತವು, ಅಜ್ಜಿಯ ಅಂಗೈಗೆ ಪುಟಾಣಿ ಬಂದು ಮೊಮ್ಮಗನ ಬಾಯಿಗೆ ಹೋದವು. ಗೋಡೆಯಾಚೆಗೆ ಕಿವಿ ಎಷ್ಟಿದ್ದರೇನು, ಉತ್ತರ ಒಂದೂ ದಾಟಲಿಲ್ಲ. ಮಲ್ಲಕ್ಕ ಒಳಗೊಳಗೇ ಹಿಗ್ಗಿದಳು.

ಶನಿವಾರ ಪರೀಕ್ಷೆಯಾಯಿತು. "ಎಲ್ಲಾ ಮಾಡೀನಿ ಅಜ್ಜಿ, ನೀ ಹೇಳಿದಂಗ" ಎಂದ ಗೌರೀಶ. ಸೋಮವಾರ ಮಧ್ಯಾಹ್ನ ಶಾಲೆಯಿಂದ ಫೋನು: ಅಜ್ಜಿ ಬಂದು ಕಾಣಬೇಕಂತೆ!

ಕರೆದದ್ದು ಸನ್ಮಾನಕ್ಕೇ ಎಂದು ಮಲ್ಲಕ್ಕ ಇಳಕಲ್ಲ ಸೀರೆ ಉಟ್ಟಳು. ಸಾಕ್ಷಿಗೆ ಕುಬೇರಪ್ಪನನ್ನೂ ಹೊರಡಿಸಿದಳು. ದಾರಿಯುದ್ದಕ್ಕೂ ಅವನಿಗೆ ಬಿಸಿಲು. ಶಾಲೆ ಮುಟ್ಟಿದ್ದೇ ತಡ, ಹೊರಗಿನ ಬಾಕಿನ ಮೇಲೆ ಕುಳಿತವ ಅಲ್ಲೇ ಕಣ್ಣು ಮುಚ್ಚಿದ. ವೃಂದಾಳನ್ನು ಕರೆದೊಯ್ಯಲು ನರ್ಮದಾಬಾಯಿಯೂ ಬಂದಿದ್ದಳು. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು!

"ಬರ್ರಿ ನರ್ಮದಾಬಾಯಾರ, ಒಳಗ ಬರ್ರಿ. ನೀವೇನು ಹೊರಗಿನವರಾ? ನೀವೂ ಕೇಳ್ರಿ!"

ಹೀಗೆ ಎಲ್ಲರೂ ಮಾಸ್ತರ ಖೋಲಿಗೆ ಹೋದರು. ಗೌರೀಶ ಗೋಡೆಗೊರಗಿ ನಿಂತಿದ್ದ. ವೃಂದಾ ಕಿಟಕಿಯ ಬಳಿ ಪಾಟಿಚೀಲ ಅಪ್ಪಿಕೊಂಡು ನಿಂತಿದ್ದಳು. ಪ್ರತಾಪ ಮಾಸ್ತರು ಉತ್ತರಪತ್ರಿಕೆ ಮುಂದಿಟ್ಟರು.

"ಹತ್ತು ಲೆಕ್ಕದಲ್ಲಿ ಹತ್ತರದ್ದೂ ಹಂತ ಸರಿಯಾಗಿದೆ ಅಜ್ಜಿ. ಎಂಟನೇ ಕ್ಲಾಸಿನವರೂ ಇಷ್ಟು ಚೊಕ್ಕವಾಗಿ ಬರೆಯಲ್ಲ."

ಮಲ್ಲಕ್ಕ ಮಾಸ್ತರ ಕಡೆ ನೋಡಲೇ ಇಲ್ಲ. ನರ್ಮದಾಬಾಯಿಯ ಕಡೆ ನೋಡಿದಳು.

"ಆದರೆ ಉತ್ತರ ಒಂದೂ ಇಲ್ಲ."

"ಆಂ?"

"ನೀವೇ ನೋಡಿ."

ನೋಡಿದಳು. ಮೊದಲ ಲೆಕ್ಕದ ಕೊನೆಯ ಸಾಲು: ಎಕ್ಸ್ = ಹೇಳಬಾರದು. ಎರಡನೆಯದು: ಎಕ್ಸ್ = ಹೇಳಬಾರದು. ಒಂಬತ್ತರ ತನಕ ಅದೇ! ಹತ್ತನೆಯದಕ್ಕೆ ಬರುವಷ್ಟರಲ್ಲಿ ಹುಡುಗನಿಗೇ ಬರೆದು ಬೇಸರ ಬಂದಿರಬೇಕು: ಎಕ್ಸ್ = ಅಜ್ಜಿಗೆ ಗೊತ್ತು.

ಮಲ್ಲಕ್ಕನ ಇಳಕಲ್ಲ ಸೀರೆಯ ಸೆರಗು ತಾನಾಗಿಯೇ ತಲೆಯ ಮೇಲೆ ಬಂತು.

"ಉತ್ತರ ಇಲ್ಲದೆ ನಾನು ಮೇಲಕ್ಕೆ ಕಳಿಸೋಕ್ಕಾಗಲ್ಲ" ಎಂದರು ಮಾಸ್ತರು. "ಅದಕ್ಕೇ ನಿಮ್ಮನ್ನ ಕರೆಸಿದ್ದು. ಈಗ ಒಂದು ಲೆಕ್ಕ ಬಾಯಲ್ಲಿ ಕೇಳ್ತೀನಿ. ಉತ್ತರ ಹೇಳಿದ್ರೆ, ಹತ್ತರದ್ದೂ ಕೇಳ್ತೀನಿ."

ಹಲಗೆಯ ಮೇಲೆ ಬರೆದರು: ಮೂರು ಎಕ್ಸ್ ಕೂಡಿಸು ಐದು, ಸಮ ಇಪ್ಪತ್ತೊಂಬತ್ತು. ಗೌರೀಶ ಮುಂದೆ ಬಂದ. "ಈ ಬಾಜು ಐದು ಕಳಸಿದೆ ಸರ್. ಆ ಬಾಜೂನೂ ಐದು ಕಳಸಿದೆ. ಇಪ್ಪತ್ನಾಕು ಉಳೀತು. ಮೂರು ಪಾಲು ಮಾಡಿದೆ." ಅಷ್ಟು ಹೇಳಿ ಬಾಯಿ ಮುಚ್ಚಿದ. ಅಜ್ಜಿಯ ಕೈ ನೋಡಿದ. ಪುಟಾಣಿ ಇಲ್ಲ.

"ಹೇಳೋ!" ಎಂದಳು ಮಲ್ಲಕ್ಕ.

"ನೀನ ಹೇಳಬಾರದು ಅಂದೀದಿ."

"ಈಗ ನಾನ ಹೇಳು ಅನ್ನಾಕತ್ತೀನಿ!"

ಹುಡುಗ ಕೈ ಕಟ್ಟಿಕೊಂಡು ನಿಂತ. "ಹಂಗಾದ್ರ ಮೊದಲ ನೀ ನಿನ್ನ ಎಕ್ಸ್ ಹೆಸರು ಹೇಳು. ಈ ಬಾಜು ಮಾಡಿದ್ದು ಆ ಬಾಜೂನೂ ಮಾಡಬೇಕು. ಒಂದ ಬಾಜು ಮಾಡಿದ್ರ ಜಗಳಾ ಅಂತ ನೀನ ಕಲಸೀದಿ."

ಪ್ರತಾಪ ಮಾಸ್ತರು ಸೀಮೆಸುಣ್ಣ ಕೆಳಗಿಟ್ಟು, ಕುರ್ಚಿ ಎಳೆದು, ನಾಟಕದ ಮುಂದಿನ ಸಾಲಿನವರಂತೆ ಕುಳಿತರು.

"ಅದು... ಹೊರಗ ಕುಂತಾರಲ್ಲೋ, ಅವರು" ಎಂದಳು ಮಲ್ಲಕ್ಕ.

"ಅದು ಉತ್ತರ ಅಲ್ಲ."

"ನಿಮ್ಮಪ್ಪನ ಅಪ್ಪ."

"ಅದು ಹಂತ, ಅಜ್ಜಿ. ಉತ್ತರ ಅಲ್ಲ."

ಮಾಸ್ತರು "ಹುಡುಗ ಹೇಳ್ತಿರೋದು ಸರಿ" ಎಂದು ತಲೆ ಆಡಿಸಿದರು. ಕೊನೆಗೆ ಮದುವೆಯ ಒಡಪೇ ಗತಿ ಎಂದು ಮಲ್ಲಕ್ಕ ಕಣ್ಣು ಮುಚ್ಚಿ ಶುರು ಮಾಡಿದಳು: "ಕಡ್ಲಿ ಹೊಲಾ ದಾಟಿ ಬಂದೆ, ಹಸರ ಬಳಿ ತೊಟ್ಟೆ..." ಮುಂದಿನದು ಬರಲಿಲ್ಲ! ನಲವತ್ತೆಂಟು ವರ್ಷದ ಹಿಂದೆ ಇಟ್ಟ ಸಾಲು, ಎಲ್ಲಿಟ್ಟಳೋ ಏನೋ. "ತೊಟ್ಟೆ... ತೊಟ್ಟೆ..." ಎಂದು ತಡವರಿಸುತ್ತ ಕಣ್ಣು ಬಿಟ್ಟರೆ ಎದುರಿಗೆ ನರ್ಮದಾಬಾಯಿ. ಅವಳ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗೆ.

ಆ ನಗೆ ಸಾಕಾಯಿತು. ಒಂದು ಕಡೆ ಗಂಡನ ಆಯುಷ್ಯ, ಇನ್ನೊಂದು ಕಡೆ ನರ್ಮದಾಬಾಯಿಯ ನಗೆ! ತಕ್ಕಡಿ ಹೊಯ್ದಾಡಲೂ ಇಲ್ಲ.

"ಕುಬೇರಪ್ಪಾ!" ಎಂದು ಮಲ್ಲಕ್ಕ ಶಾಲೆಯ ಹೆಂಚು ಹಾರುವಂತೆ ಕೂಗಿದಳು.

"ಬಂದ್ನೀ!" ಎಂದು ಹೊರಗೆ ಬಾಕು ದಡಕ್ಕೆಂದಿತು. ಕುಬೇರಪ್ಪ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಒಳಗೆ ಓಡಿ ಬಂದ. "ಯಾರು? ಯಾರು ಕರದ್ರು?"

ಮಲ್ಲಕ್ಕ ನೆಲ ನೋಡಿದಳು. ಕುಬೇರಪ್ಪ ಹೆಂಡತಿಯನ್ನು ನೋಡಿದ, ಹಲಗೆ ನೋಡಿದ, ಮತ್ತೆ ಹೆಂಡತಿಯನ್ನು ನೋಡಿದ.

"ನೀ ಕರದೇನ?... ಇನ್ನೊಮ್ಮೆ ಅನ್ನು ನೋಡೂಣು."

"ಸುಮ್ನ ಕುಂದರ್ರಿ, ಮಂದಿ ಅದಾರ!"

"ಎಂಟು!" ಎಂದ ಗೌರೀಶ.

ಕಟ್ಟೆ ಒಡೆದಂತೆ ಹತ್ತೂ ಲೆಕ್ಕದ ಉತ್ತರಗಳು ಹೊರಬಿದ್ದವು. ಮಾಸ್ತರು ಒಂದೊಂದಕ್ಕೂ ಕೆಂಪು ಗುರುತು ಹಾಕುತ್ತ ಹೋದರು. ಹತ್ತಕ್ಕೆ ಹತ್ತು! "ನಾಳೆಯಿಂದ ಹನ್ನೊಂದಕ್ಕೆ ಮೇಲೆ ಬಾಪ್ಪ. ಹದಿನೈದು ದಿನ ನೋಡೋಣ. ಆದರೆ ಉತ್ತರ ಬರೀಬೇಕು, ಆಯ್ತಾ?"

ಮಲ್ಲಕ್ಕ ಸೆರಗು ಹಿಂದಕ್ಕೆ ಸರಿಸಿ, ಇಡೀ ಮೈಯಲ್ಲಿ ನರ್ಮದಾಬಾಯಿಯ ಕಡೆ ತಿರುಗಿದಳು. "ಕೇಳಿದ್ರೆಲ್ಲಾ ನರ್ಮದಾಬಾಯಾರ? ನಾ ಬ್ಯಾಡ ಅಂದೆ ನೋಡ್ರಿ, ಹುಡುಗಗ ತ್ರಾಸ ಆಕ್ಕೈತಿ ಅಂತ. ಮಾಸ್ತರು ಕೇಳಬೇಕಲ್ಲಾ!"

"ಈ ಮಾತಿಗೆ ವೃಂದಾಗೆ ಥ್ಯಾಂಕ್ಸ್ ಹೇಳಬೇಕು ಅಜ್ಜಿ" ಎಂದರು ಮಾಸ್ತರು.

"ಯಾಕ್ರಿ?"

"ಈ ಪೇಪರ್ ನೋಡಿ ಹುಡುಗ ನನಗೆ ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡು ಪಕ್ಕಕ್ಕಿಟ್ಟುಬಿಟ್ಟಿದ್ದೆ. ಸೊನ್ನೆ ಹಾಕಿ ಮುಗಿಸ್ತಿದ್ದೆ. ಇವಳೇ ಇವತ್ತು ಬೆಳಿಗ್ಗೆ, ಪೇಪರಿನಲ್ಲಿ ಏನು ಬರೆದ ಅಂತ ಅವನಿಂದ ತಿಳ್ಕೊಂಡು ಬಂದು, ಸರ್, ಅವನಿಗೆ ಉತ್ತರ ಗೊತ್ತು, ಅವರ ಅಜ್ಜಿ ಹೇಳಬೇಡ ಅಂದಿದ್ದಾರೆ, ಅಜ್ಜಿನ ಕರೆಸಿ ಕೇಳಿ ಅಂತ ಹಠ ಹಿಡಿದಳು."

ಮಲ್ಲಕ್ಕ ಕಿಟಕಿಯ ಕಡೆ ನೋಡಿದಳು. ಇಷ್ಟು ದಿನ ತಾನು ಮನಸ್ಸಿನಲ್ಲೇ ಮೆಟ್ಟಿಲಿನಿಂದ ಕೆಳಗಿಳಿಸುತ್ತಿದ್ದ ಹುಡುಗಿ ಪಾಟಿಚೀಲವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

"ನಿನಗ ಹೆಂಗ ಗೊತ್ತಾತವಾ?"

"ನೀವು ದಿನಾ ಗೋಡಿ ಬಾಜೂ ಕೂತು ಹೇಳಿಕೊಡತಿದ್ರೆಲ್ಲಾ ಅಜ್ಜಿ, ಎಲ್ಲಾ ಕೇಳಸ್ತಿತ್ತು. ನಂಗ ಎಕ್ಸ್ ತಿಳೀತಿದ್ದಿಲ್ಲ. ಮೇಲಿನ ಹುಡುಗರ್ಯಾರೂ ನನ್ನ ಜೋಡಿ ಮಾತಾಡಂಗಿಲ್ಲ, ಯಾರ್ನ ಕೇಳ್ಲಿ? ನೀವು ಮೈದುನನ್ನ ಕಳಸು ಅಂದ್ರಲ್ಲಾ, ಆವಾಗ ತಿಳೀತು. ಮೊನ್ನೆ ಎಂಟನೇತ್ತಿ ಟೆಸ್ಟಿನೊಳಗ ಇಪ್ಪತ್ತೈದಕ್ಕ ಇಪ್ಪತ್ತೈದು ಬಂತು."

"ಕೂಸು ಮನಿಗೆ ಬಂದು ದಿನಾ ಅಳತಿತ್ತು, ಮಲ್ಲಕ್ಕಾ" ಎಂದಳು ನರ್ಮದಾಬಾಯಿ ಮೆಲ್ಲಗೆ. "ಮಂದಿ ಮುಂದ ದೊಡ್ಡ ಮಾತಾಡಿ ಕೂತಿದ್ದೆ, ಯಾವ ಬಾಯಿಲೆ ನಿಮ್ಮನ್ನ ಕೇಳ್ಲಿ? ಅದಕ್ಕ ಖಾಲಿ ತಂಬಿಗಿ ಹಿಡಕೊಂಡು ನಿಂದರತಿದ್ದೆ. ಈಗ ಜೋಡಿಗೆ ನಿಮ್ಮ ಹುಡುಗ ಬಂದಾನ, ನನ್ನ ಜೀವಾ ತಣ್ಣಗಾತು ನೋಡ್ರಿ."

ಬೈಯುವ ಹಾಗಿಲ್ಲ, ಹೊಗಳಲು ಬಾಯಿ ಬರುವುದಿಲ್ಲ. ಉತ್ತರ ಬಚ್ಚಿಟ್ಟ ತಾನೇ ವಿದ್ಯೆಯನ್ನು ಮಾತ್ರ ಗೋಡೆಯ ಮೇಲಿಂದ ಧಾರಾಳವಾಗಿ ಬಡಿಸಿದ್ದಳು! ಮಲ್ಲಕ್ಕ ವೃಂದಾಳ ಕೆನ್ನೆ ಸವರಿ ಲಟಿಕೆ ಮುರಿದಳು. ಹತ್ತೂ ಬೆರಳು ಚಟಚಟ ಎಂದವು.

ಮಕ್ಕಳಿಬ್ಬರೂ ಮುಂದೆ, ಎಕ್ಸ್‌ನ ತವರುಮನೆ ಯಾವುದೆಂದು ಜಗಳಾಡುತ್ತ ನಡೆದರು. ನರ್ಮದಾಬಾಯಿ ಅವರ ಹಿಂದೆ. ಎಲ್ಲರಿಗಿಂತ ಹಿಂದೆ ಗಂಡಹೆಂಡತಿ. ಕುಬೇರಪ್ಪ ತನ್ನ ಹೆಸರನ್ನು ತಾನೇ ಮೆಲುಕು ಹಾಕುತ್ತ, ಆಗಷ್ಟೇ ಮದುವೆ ಗೊತ್ತಾದವನಂತೆ ಹೆಜ್ಜೆ ಹಾಕುತ್ತಿದ್ದ. ಸ್ಟೇಶನ್ ರಸ್ತೆಯ ತಿರುವಿನಲ್ಲಿ ಮಲ್ಲಕ್ಕ ನಿಂತಳು. ಹೊಟ್ಟೆಯಲ್ಲಿ ಮತ್ತೆ ಮೆಣಸಿನಕಾಯಿ ಹುರಿಯಲು ಶುರುವಾಗಿತ್ತು.

"ರೀ, ಖರೇ ಹೇಳ್ರಿ. ಇಷ್ಟು ಶಾಣ್ಯಾ ಹುಡುಗಿ, ಇಷ್ಟು ಒಳ್ಳೆ ಮನಸಿನಾಕಿ... ಅಕಿ ಮನ್ಯಾಗ ಯಾಕ ಹುಟ್ಟಬೇಕಿತ್ತು? ನಮ್ಮನ್ಯಾಗ ಹುಟ್ಟಿದ್ರ ಏನ ಗಂಟ ಹೋಗತಿತ್ತು?"

ಕುಬೇರಪ್ಪ ನಗಲಿಲ್ಲ.

"ನಮ್ಮನ್ಯಾಗ ಹುಟ್ಟಿದ್ರ ಅಕಿಗೂ ನೀ ಬಾಯಿ ಮುಚ್ಚು ಅಂತನ ಕಲಸತಿದ್ದಿ. ಆಮ್ಯಾಲ ಮಾಸ್ತರ ಮುಂದ ನಮ್ಮ ಹುಡುಗನ ಸಲುವಾಗಿ ಬಾಯಿ ಬಿಡಾವ್ರು ಯಾರಿರತಿದ್ರು?"